ಗಾಳಿ–ಇಂಧನ ಅನುಪಾತದ ಟ್ಯೂನಿಂಗ್ (ಫೋರ್ಡ್ ಲೈಟ್ನಿಂಗ್ ಪಿಕಪ್)

ಎಂಜಿನ್ ಎಳೆದುಕೊಳ್ಳುವ ಗಾಳಿಯ ತೂಕಕ್ಕೂ ಅದಕ್ಕೆ ಬೆರೆಯುವ ಪೆಟ್ರೋಲಿನ ತೂಕಕ್ಕೂ ಇರುವ ಪ್ರಮಾಣವೇ ಗಾಳಿ–ಇಂಧನ ಅನುಪಾತ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಲೆಕ್ಕ ಹಾಕಿದರೆ ಲೀಟರಿಗೆ ಒಂಬತ್ತು ಸಾವಿರ ಲೀಟರ್ ಗಾಳಿಯಾಗುತ್ತದೆ. ಪೆಟ್ರೋಲ್ ಕಡಿಮೆಯಾದರೆ ಮಿಶ್ರಣ ‘ಲೀನ್’, ಹೆಚ್ಚಾದರೆ ‘ರಿಚ್’.

ವೇಗಕ್ಕೆಂದೇ ಮಾಡಿದ ಅಮೆರಿಕದ ಪಿಕಪ್‌ಗಳಲ್ಲಿ ಫೋರ್ಡ್ ಎಫ್-150 ಲೈಟ್ನಿಂಗ್ ಹೆಸರಾದದ್ದು. ಅದರ 1999–2004ರ ಮಾದರಿಯಲ್ಲಿದ್ದದ್ದು 5.4 ಲೀಟರಿನ ವಿ8 ಎಂಜಿನ್. ಗಾಳಿಯನ್ನು ಒತ್ತಿ ತುಂಬಲು ಈಟನ್ ಸೂಪರ್‌ಚಾರ್ಜರ್. ಶಕ್ತಿ ಮೊದಲಿಗೆ 360 ಅಶ್ವಶಕ್ತಿ, 2001ರಿಂದ 380.

ಇಂಥ ಎಂಜಿನ್ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲೂ 14.7ರಲ್ಲೇ ಓಡಿದರೆ ಉಳಿಯುವುದು ಕಷ್ಟ. ಒತ್ತಿದ ಗಾಳಿ ಬಿಸಿಯಾಗಿರುತ್ತದೆ; ಮಿಶ್ರಣ ಕಿಡಿಯ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿದು ನಾಕಿಂಗ್ ಶುರುವಾಗುತ್ತದೆ, ಪಿಸ್ಟನ್ ಕರಗಲೂಬಹುದು. ಆದ್ದರಿಂದ ಅನುಪಾತವನ್ನು 11ರಿಂದ 12ರ ನಡುವೆ ಇಡುತ್ತಾರೆ. ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತ ಶಾಖವನ್ನು ಹೀರುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ನ್ಯಾಯದಿಂದ.

ಟ್ಯೂನಿಂಗ್ ಎಂದರೆ ಪೆಟ್ರೋಲ್ ಹೆಚ್ಚು–ಕಡಿಮೆ ಮಾಡುವುದು ಎಂದೇ ಹಲವರ ತಿಳಿವಳಿಕೆ. ಈ ಎಂಜಿನ್ನಿನಲ್ಲಿ ಅದು ಬಹುಪಾಲು ಗಾಳಿಯ ಅಳತೆಯನ್ನು ತಿದ್ದುವ ಕೆಲಸ. ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ತನ್ನ ಲೆಕ್ಕವನ್ನು ವೋಲ್ಟೇಜಿನಲ್ಲಿ ಹೇಳುತ್ತದೆ, ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಬಿಡುತ್ತದೆ. ಮಾಲೀಕರು ಸೂಪರ್‌ಚಾರ್ಜರಿಗೆ ಚಿಕ್ಕ ಪುಲ್ಲಿ ಹಾಕಿಸಿದಾಗ ಅದು ಹೆಚ್ಚು ವೇಗವಾಗಿ ತಿರುಗಿ ಹೆಚ್ಚು ಗಾಳಿ ತುಂಬುತ್ತದೆ. ಆದರೆ ಸೆನ್ಸರ್ 5 ವೋಲ್ಟ್ ಮುಟ್ಟಿದರೆ ಅಲ್ಲಿಗೇ ಅದರ ಲೆಕ್ಕ ಮುಗಿಯಿತು. ಗಾಳಿ ಏರುತ್ತಲೇ ಇರುತ್ತದೆ, ಪೆಟ್ರೋಲ್ ಏರುವುದಿಲ್ಲ. ಅಪಾಯ ಹೆಚ್ಚಿರುವ ವೇಗದಲ್ಲೇ ಮಿಶ್ರಣ ಲೀನ್ ಆಗುತ್ತದೆ. ಆಗ ದೊಡ್ಡ ಅಳತೆಯ ಸೆನ್ಸರ್ ಬೇಕು. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳು ಸಾಲದಿದ್ದರೆ ಅವನ್ನೂ ಬದಲಿಸಬೇಕು.

ತಿದ್ದಿದ್ದು ಸರಿಯೇ ಎಂದು ತಿಳಿಯಲು ಅನುಪಾತವನ್ನು ಅಳೆಯಬೇಕು; ಗಾಡಿಯ ಮೂಲ ಆಮ್ಲಜನಕ ಸೆನ್ಸರ್ ಈ ಕೆಲಸಕ್ಕೆ ಬಾರದು. 14.7ರಿಂದ ಆಚೆಯೋ ಈಚೆಯೋ ಎನ್ನುವುದಷ್ಟೇ ಅದಕ್ಕೆ ಗೊತ್ತು, ಎಷ್ಟು ಆಚೆ ಎಂಬುದು ಗೊತ್ತಿಲ್ಲ. ಟ್ಯೂನರ್ ಅನುಪಾತ ಎಷ್ಟೆಂದೇ ಹೇಳುವ ವೈಡ್‌ಬ್ಯಾಂಡ್ ಸೆನ್ಸರನ್ನು ಸೈಲೆನ್ಸರಿನ ಮುಂದಿನ ಕೊಳವೆಗೆ ಕೂರಿಸಿ, ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಗಾಡಿ ಓಡಿಸುತ್ತ ಅಂಕಿ ಬರೆದುಕೊಳ್ಳುತ್ತಾನೆ. ಕಂಪ್ಯೂಟರ್ ಕೇಳಿದ್ದು 11.5, ಬಂದದ್ದು 12.3 ಎಂದಿಟ್ಟುಕೊಳ್ಳಿ. ಇಂಜೆಕ್ಟರ್, ಪಂಪು ಸರಿಯಿದ್ದರೆ, ಗಾಳಿಯ ಲೆಕ್ಕ ಸುಮಾರು 7% ಕಡಿಮೆ ಬರುತ್ತಿದೆ ಎಂದರ್ಥ. ಕಂಪ್ಯೂಟರಿನ ಪಟ್ಟಿಯಲ್ಲಿ ಗಾಳಿ ಸೆನ್ಸರಿನ ಆ ವೋಲ್ಟೇಜಿನ ಎದುರಿನ ಗಾಳಿಯ ಅಂಕಿಯನ್ನು ಅಷ್ಟೇ ಏರಿಸಿ ಮತ್ತೆ ಓಡಿಸುತ್ತಾನೆ.

ವೈಡ್‌ಬ್ಯಾಂಡೂ ಮೋಸ ಹೋಗುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಉರಿಯದೆ ಉಳಿದ ಆಮ್ಲಜನಕವನ್ನು ಕಂಡು ಅದು ‘ಲೀನ್’ ಎನ್ನುತ್ತದೆ. ಅದನ್ನು ನಂಬಿ ಪೆಟ್ರೋಲ್ ಏರಿಸಿದರೆ ಸ್ಪಾರ್ಕ್ ಪ್ಲಗ್ ಮಸಿ ಹಿಡಿದು ಕಿಡಿ ಇನ್ನಷ್ಟು ತಪ್ಪುತ್ತದೆ.