ಹಿಂಡಿಯೊಳಗಿನ ಮದ್ದಿನ ಜಾಡು

ಪಶು ಆಹಾರದಲ್ಲಿ ಔಷಧ ಇದೆಯೇ ಎಂದು ಪ್ರಯೋಗಾಲಯಗಳು ಮೊದಮೊದಲು ನೋಡಿದ್ದು ತಪ್ಪಿತಸ್ಥರನ್ನು ಹಿಡಿಯುವುದಕ್ಕಲ್ಲ, ಚೀಟಿಯಲ್ಲಿ ಬರೆದಷ್ಟು ಮದ್ದು ಚೀಲದಲ್ಲಿದೆಯೇ ಎಂದು ತಿಳಿಯುವುದಕ್ಕೆ. 1940ರ ದಶಕದ ಕೊನೆಗೆ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಾಡ್ ಕೋಳಿಮರಿಗಳಿಗೆ ಬಿ12 ವಿಟಮಿನ್ನಿನ ಅಗ್ಗದ ಮೂಲ ಹುಡುಕುತ್ತಿದ್ದರು. ಟೆಟ್ರಾಸೈಕ್ಲಿನ್ ಗುಂಪಿನ ಆರಿಯೋಮೈಸಿನ್ ತಯಾರಿಸಿ ಉಳಿದ ಗಸಿಯನ್ನು ತಿನ್ನಿಸಿದರೆ ಮರಿಗಳು ಲೆಕ್ಕಕ್ಕಿಂತ ಹೆಚ್ಚು ತೂಕ ಬಂದವು. ಕಾರಣ ಗಸಿಯಲ್ಲೇ ಉಳಿದಿದ್ದ ಆಂಟಿಬಯೋಟಿಕ್. ಮುಂದಿನ ಕೆಲವೇ ವರ್ಷಗಳಲ್ಲಿ ಹಂದಿ, ಕೋಳಿಗಳ ಆಹಾರಕ್ಕೆ ಟನ್ನಿಗೆ ಇಷ್ಟು ಗ್ರಾಂ ಎಂದು ಅದನ್ನು ಬೆರೆಸುವುದು ವಾಡಿಕೆಯಾಯಿತು. ಬೆರೆಸಿದ್ದನ್ನು ಅಳೆಯಬೇಕಲ್ಲ!

ಅಳತೆಗೋಲಾಗಿ ಬಂದದ್ದು ಬ್ಯಾಕ್ಟೀರಿಯಾವೇ. ಬ್ಯಾಸಿಲಸ್ ಸೀರಿಯಸ್ ಹರಡಿದ ಅಗಾರ್ ತಟ್ಟೆಯಲ್ಲಿ ಸಣ್ಣ ಗುಳಿ ಮಾಡಿ, ಆಹಾರದಿಂದ ತೆಗೆದ ಸಾರ ತುಂಬಿ, ರಾತ್ರಿಯಿಡೀ ಬೆಚ್ಚಗಿಡುತ್ತಾರೆ. ಬೆಳಿಗ್ಗೆ ತಟ್ಟೆಯೆಲ್ಲ ಮಸುಕಾಗಿರುತ್ತದೆ. ಟೆಟ್ರಾಸೈಕ್ಲಿನ್ ಇದ್ದ ಗುಳಿಯ ಸುತ್ತ ಮಾತ್ರ ತಿಳಿಯಾದ ವೃತ್ತ. ಅದರ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದರೆ ಮದ್ದಿನ ಪ್ರಮಾಣ ಸಿಗುತ್ತದೆ. ಖರ್ಚು ಕಡಿಮೆ, ನೋಡಲು ಚೆಂದ. ಆದರೆ ತನ್ನನ್ನು ತಡೆದದ್ದು ಯಾವ ಮದ್ದು ಎಂದು ಬ್ಯಾಕ್ಟೀರಿಯಾ ಹೇಳುವುದಿಲ್ಲ. ಖನಿಜ ಮಿಶ್ರಣದ ತಾಮ್ರ, ಸತುವುಗಳೂ ಅದನ್ನು ತಡೆಯಬಲ್ಲವು. ಇನ್ನೊಂದು ಕಡೆ, ಅದೇ ಲೋಹಗಳು ಮತ್ತು ಕ್ಯಾಲ್ಸಿಯಂ ಟೆಟ್ರಾಸೈಕ್ಲಿನ್ ಅಣುವನ್ನು ಗಟ್ಟಿಯಾಗಿ ಹಿಡಿದುಕೊಂಡು ಸಾರಕ್ಕೆ ಬಿಟ್ಟುಕೊಡುವುದಿಲ್ಲ. ಲೋಹಗಳ ಹಿಡಿತ ಬಿಡಿಸಲು ಸಾರ ತೆಗೆಯುವ ದ್ರಾವಣಕ್ಕೆ ಇಡಿಟಿಎ ಹಾಕುವ ಪದ್ಧತಿ ಇಂದಿನ ಕೋಟಿ ರೂಪಾಯಿಯ ಯಂತ್ರಗಳ ಕಾಲದಲ್ಲೂ ತಪ್ಪಿಲ್ಲ.

ಪ್ರಶ್ನೆ ತಿರುವುಮುರುವಾದದ್ದು ಹಂದಿಗಳಿಂದ. 1970ರ ದಶಕದಲ್ಲಿ ಅಮೆರಿಕದ ಹಂದಿಮಾಂಸದಲ್ಲಿ ಸಲ್ಫಾಮೆಥಜೀನ್ ಎಂಬ ಮದ್ದಿನ ಉಳಿಕೆ ಮಿತಿ ಮೀರಿ ಸಿಗುತ್ತಿತ್ತು. ವಧೆಗೆ ಮೊದಲು ಮದ್ದು ನಿಲ್ಲಿಸಿದ್ದೇವೆ ಎನ್ನುತ್ತಿದ್ದ ರೈತರಲ್ಲಿ ಅನೇಕರ ಮಾತು ನಿಜವೇ ಆಗಿತ್ತು. ಪುಡಿಯಾಗಿದ್ದ ಮದ್ದು ಸ್ಥಿರವಿದ್ಯುತ್ತಿನಿಂದ ಮಿಕ್ಸರಿನ ಗೋಡೆಗೆ ಅಂಟಿಕೊಂಡು, ಮದ್ದಿಲ್ಲದ ಮುಂದಿನ ಕಂತಿಗೆ ಉದುರುತ್ತಿತ್ತು. ಕೊನೆಯ ಹಂತದ ಆಹಾರದಲ್ಲಿ ಟನ್ನಿಗೆ 2 ಗ್ರಾಂ ಸೇರಿದರೂ ಮಾಂಸ ಮಿತಿ ದಾಟಬಹುದು. ಪುಡಿಯ ಬದಲು ಹರಳು ರೂಪದ ಮದ್ದು ತಂದದ್ದು ದೊಡ್ಡ ಪರಿಹಾರವಾಯಿತು. ಆದರೆ ಅಂದಿನಿಂದ ಪ್ರಯೋಗಾಲಯಕ್ಕೆ ಬಂದ ಕೆಲಸವೇ ಬೇರೆ: ಮದ್ದು ಇರಬಾರದ ಚೀಲದಲ್ಲಿ ಅದನ್ನು ಹುಡುಕುವುದು.

ಇರಬಾರದ ಮದ್ದು ಎಷ್ಟು ಸಿಕ್ಕರೆ ತಪ್ಪು ಎಂಬುದನ್ನು ಕಾನೂನಿನ ಅಂಕಿಯಾಗಿ ಬರೆದದ್ದು ಯುರೋಪ್. ಸ್ವೀಡನ್ 1986ರಲ್ಲೇ ಬೆಳವಣಿಗೆಗಾಗಿ ಆಂಟಿಬಯೋಟಿಕ್ ತಿನ್ನಿಸುವುದನ್ನು ನಿಲ್ಲಿಸಿತು. ಇಡೀ ಐರೋಪ್ಯ ಒಕ್ಕೂಟ 2006ರ ಜನವರಿ 1ಕ್ಕೆ ಅಲ್ಲಿಗೆ ಮುಟ್ಟಿತು. ಕೋಳಿಗಳ ಕಾಕ್ಸಿಡಿಯೋಸಿಸ್ ರೋಗ ತಡೆಯುವ ಮೊನೆನ್ಸಿನ್‌ನಂಥ ಮದ್ದುಗಳು ಉಳಿದುಕೊಂಡವು. ಕೋಳಿ ಅರಗಿಸಿಕೊಳ್ಳುವ ಮೊನೆನ್ಸಿನ್ ಕುದುರೆಯ ಹೃದಯಕ್ಕೆ ವಿಷ, ಎರಡರ ಆಹಾರವೂ ಒಂದೇ ಗಿರಣಿಯಲ್ಲಿ ತಯಾರಾಗಬಹುದು. ಹಾಗಾಗಿ ಒಕ್ಕೂಟದ 2009ರ ನಿರ್ದೇಶನ ಕುದುರೆಯಂಥ ಸೂಕ್ಷ್ಮ ಪ್ರಾಣಿಗಳ ಆಹಾರದಲ್ಲಿ ತಪ್ಪಿ ಸೇರಿದ ಮೊನೆನ್ಸಿನ್‌ಗೆ ಕಿಲೋಗೆ 1.25 ಮಿಲಿಗ್ರಾಂ ಎಂಬ ಗೆರೆ ಎಳೆಯಿತು.

ಅಷ್ಟು ಕಡಿಮೆ ಪ್ರಮಾಣವನ್ನು ಹಲವು ಮದ್ದುಗಳಿಗೆ ಒಟ್ಟಿಗೆ ನೋಡಲು ತಟ್ಟೆಯಿಂದಾಗದು. ದ್ರವ ಕ್ರೊಮ್ಯಾಟೋಗ್ರಫಿಯಲ್ಲಿ ಬೇರ್ಪಟ್ಟ ಅಣುಗಳಿಗೆ ವಿದ್ಯುದಾವೇಶ ಕೊಟ್ಟು, ಒಡೆದು, ಚೂರುಗಳ ತೂಕದಿಂದ ಗುರುತು ಹಿಡಿಯುವ ಮಾಸ್ ಸ್ಪೆಕ್ಟ್ರೋಮೀಟರ್ ಇಲ್ಲಿ ನೆಲೆಯೂರಿತು. ಅದಕ್ಕೆ ದಾರಿ ಮಾಡಿದ ಎಲೆಕ್ಟ್ರೋಸ್ಪ್ರೇ ತಂತ್ರಕ್ಕಾಗಿ ಜಾನ್ ಫೆನ್ 2002ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದರು. ಯಾರೂ ಎಣಿಸದ ಮದ್ದು ಎಲ್ಲಿಂದಲೋ ಬರಬಹುದು ಎಂಬ ಪಾಠವೂ ಅದೇ ವರ್ಷದ್ದು. ಐರ್ಲೆಂಡಿನ ಔಷಧ ಕಾರ್ಖಾನೆಯೊಂದರ ಗುಳಿಗೆಗಳಿಗೆ ಸಕ್ಕರೆ ಲೇಪಿಸಿ ಉಳಿದ ತ್ಯಾಜ್ಯ ನೀರು ಬೆಲ್ಜಿಯಂ ಮೂಲಕ ಸಿಹಿ ಪಾಕವಾಗಿ ನೆದರ್ಲೆಂಡ್ಸಿನ ಹಂದಿ ಆಹಾರ ಸೇರಿತು. ಜೊತೆಗೆ ಎಂಪಿಎ ಎಂಬ ಹಾರ್ಮೋನೂ.

ಸೂಕ್ಷ್ಮತೆ ಹೆಚ್ಚಿದಂತೆ ತಗಾದೆಯೂ ಹೆಚ್ಚಿತು. ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನಿಷಿದ್ಧ, ಆದ್ದರಿಂದ ಎಷ್ಟು ಕಡಿಮೆ ಸಿಕ್ಕರೂ ತಪ್ಪು ಎಂಬ ನಿಲುವಿತ್ತು. ಆಮೇಲೆ ಡಚ್ ಸಂಶೋಧಕರು ಒಣಹುಲ್ಲಿನಲ್ಲೇ ಅದನ್ನು ಕಂಡರು. ಯಾರೂ ಬೆರೆಸಿದ್ದಲ್ಲ: ಮಣ್ಣಿನ ಸ್ಟ್ರೆಪ್ಟೋಮೈಸಿಸ್ ಜೀವಿಗಳು ತಯಾರಿಸಿದ್ದನ್ನು ಬೆಳೆ ಹೀರಿಕೊಳ್ಳಬಲ್ಲದು. ಯಂತ್ರದ ಉತ್ತರ ಸರಿ, ಅದರಿಂದ ರೈತನ ಮೇಲೆ ಹೊರಿಸಿದ ಆರೋಪ ತಪ್ಪು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಬೆಲೆಬಾಳುವ ಫಲಿತಾಂಶ ಇದು.

ಹಾಲಿಗಿಂತ ಹಿಂಡಿ ಕಷ್ಟ ಎನ್ನುವುದು ಪರೀಕ್ಷಕರ ಹಳೆಯ ಗೊಣಗು. ಹಾಲು ಎಲ್ಲಿದ್ದರೂ ಬಹುಪಾಲು ಹಾಲೇ. ಆಹಾರದ ಪಾಕ ಹಾಗಲ್ಲ, ಪೇಟೆಯ ದರದೊಂದಿಗೆ ಬದಲಾಗುತ್ತದೆ; ಈ ವಾರ ಮೆಕ್ಕೆಜೋಳ, ಸೋಯಾ ಹಿಂಡಿ, ಬರುವ ವಾರ ಅಕ್ಕಿ ತೌಡು, ಕಾಕಂಬಿ. ಒಂದೊಂದು ಪದಾರ್ಥವೂ ಯಂತ್ರದೊಳಗೆ ಮದ್ದಿನ ಸಂಕೇತವನ್ನು ಒಂದೊಂದು ರೀತಿ ಅದುಮುತ್ತದೆ. ಲಾರಿಗಟ್ಟಲೆ ಸರಕಿನಿಂದ ಕೊನೆಗೆ ಪರೀಕ್ಷೆಗೆ ಹೋಗುವುದು ಕೆಲವೇ ಗ್ರಾಂ. ಆ ಕೆಲವು ಗ್ರಾಂ ತೆಗೆದವರು ಮೇಲಿನ ಚೀಲಕ್ಕಷ್ಟೇ ಕೈ ಹಾಕಿದ್ದರೆ ಯಂತ್ರ ಏನೂ ಮಾಡಲಾರದು.

ನಮ್ಮಲ್ಲಿ ಕಾನೂನೇ ಒಂದು ಹೆಜ್ಜೆ ಹಿಂದೆ. 2006ರ ಆಹಾರ ಸುರಕ್ಷತೆ ಕಾಯ್ದೆಯ ವ್ಯಾಖ್ಯೆಯಲ್ಲಿ ಪಶು ಆಹಾರ 'ಆಹಾರ'ವೇ ಅಲ್ಲ. ಹಾಲು, ಮಾಂಸ, ಮೊಟ್ಟೆಗಳ ಉಳಿಕೆಗೆ ಮಿತಿಯಿದೆ, ಅದಕ್ಕೆ ಮೂಲವಾಗಬಹುದಾದ ಚೀಲಕ್ಕೆ ಆ ಕಾಯ್ದೆ ನೇರವಾಗಿ ತಾಗದು. ದನದ ಆಹಾರಕ್ಕೆ ಐಎಸ್ 2052, ಕೋಳಿಯ ಆಹಾರಕ್ಕೆ ಐಎಸ್ 1374 ಎಂಬ ಬಿಐಎಸ್ ಮಾನಕಗಳಿವೆ. ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಗೆಂದೇ ರಾಷ್ಟ್ರೀಯ ಸಂಸ್ಥೆಯೂ ಇದೆ, ಅಂದರೆ ಜ್ಞಾನಕ್ಕೆ ಬರವಿಲ್ಲ. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಮತ್ತು ಅವುಗಳ ಆಹಾರಕ್ಕೆಂದು ಕೊಲಿಸ್ಟಿನ್ ತಯಾರಿಸಿ ಮಾರುವುದನ್ನು ನಿಷೇಧಿಸಿತು. ಮನುಷ್ಯನಿಗೆ ಬೇರಾವ ಮದ್ದೂ ನಾಟದಾಗ ಕೊನೆಗೆ ಕೊಡುವ ಆಂಟಿಬಯೋಟಿಕ್ ಅದು. ಹಿಂಡಿಯಲ್ಲಿ ಅದನ್ನು ಹುಡುಕುವುದು ಸಲೀಸಲ್ಲ: ದೊಡ್ಡ ಪೆಪ್ಟೈಡ್ ಅಣುವಾದ್ದರಿಂದ ಬಿಡಿಸಲು ಆಮ್ಲ ಬೇಕು, ಬಿಡಿಸಿದ ಮೇಲೆ ಗಾಜಿನ ಪಾತ್ರೆಗೇ ಅಂಟಿಕೊಂಡುಬಿಡುತ್ತದೆ. ಬಲ್ಲ ಪರೀಕ್ಷಕರು ಪಾಲಿಪ್ರೊಪಿಲೀನ್ ನಳಿಕೆ ಬಳಸುತ್ತಾರೆ.