ಎಷ್ಟು ನೀರು ಸಾಕು?

ಕನ್ನಡ ಕ್ರೈಸ್ತರ ಮಾತಿನಲ್ಲಿ ಒಂದು ಸಣ್ಣ ವಿನೋದ ಅಡಗಿದೆ. ಪ್ರೊಟೆಸ್ಟೆಂಟ್ ಸಹೋದರರ ಬೈಬಲಿನಲ್ಲಿ ‘ದೀಕ್ಷಾಸ್ನಾನ’ ಎಂದಿರುವುದು ನಾವು ಓದುವ ಬೈಬಲಿನಲ್ಲಿ ‘ಸ್ನಾನದೀಕ್ಷೆ’ ಆಗಿದೆ. ಹಿರಿಯರ ಬಾಯಲ್ಲಿ ಅದು ‘ಜ್ಞಾನಸ್ನಾನ’. ದೀಕ್ಷೆ ಮೊದಲೋ ಸ್ನಾನ ಮೊದಲೋ ಎಂಬುದನ್ನು ಪದಗಳೇ ಇನ್ನೂ ಇತ್ಯರ್ಥ ಮಾಡಿಕೊಂಡಿಲ್ಲ. ಇನ್ನು ಮನುಷ್ಯರ ಮಾತೇನು!

ಬಂಧುಬಳಗದ ಒಂದು ಮದುವೆಯ ಊಟದ ಪಂಕ್ತಿಯನ್ನು ಊಹಿಸಿಕೊಳ್ಳಿ. ಒಬ್ಬರು ತಿಂಗಳ ಕೂಸಾಗಿದ್ದಾಗ ನೆತ್ತಿಯ ಮೇಲೆ ಮೂರು ಸಲ ನೀರು ಸುರಿಸಿಕೊಂಡವರು. ಪಕ್ಕದವರು ಆರ್ಥೊಡಾಕ್ಸ್ ಸಂಪ್ರದಾಯದಲ್ಲಿ ಮೂರು ಸಲ ಮುಳುಗಿ ಎದ್ದವರು. ಎದುರಿಗೆ ಕುಳಿತವರು ಹದಿನೆಂಟು ತುಂಬಿದ ಮೇಲೆ ಕೆರೆಗಿಳಿದು ಸಾಕ್ಷಿ ನುಡಿದು ಮುಳುಗಿದವರು. ಪಾಯಸ ಬರುವವರೆಗೂ ಎಲ್ಲರೂ ಬಂಧುಗಳೇ. ಅಷ್ಟರಲ್ಲಿ ಯಾರೋ ಒಬ್ಬರು, “ನಿಮ್ಮದು ಸ್ನಾನವೇ ಅಲ್ಲ, ಬರೀ ತುಂತುರು” ಎಂದರೋ, ಎರಡು ಸಾವಿರ ವರ್ಷಗಳ ಚರಿತ್ರೆ ಬಾಳೆಲೆಯ ಮೇಲೆ ಬಂದು ಕೂರುತ್ತದೆ. ಆ ಚರಿತ್ರೆಯನ್ನು ತುಸು ನಗುತ್ತಲೇ ಬಿಡಿಸಿ ನೋಡುವುದು ಒಳ್ಳೆಯದು. ನೀರೆಷ್ಟು, ಯಾವಾಗ, ಯಾರ ಕೈಯಿಂದ ಎಂಬ ಮೂರು ಪ್ರಶ್ನೆಗಳೇ ಅದರ ಉದ್ದಕ್ಕೂ ಮರಳಿ ಮರಳಿ ಕೇಳಿಬಂದಿವೆ.

ಮೊದಲನೆಯದು ನೀರಿನ ಅಳತೆ. ಮೂಲ ಗ್ರೀಕ್ ಪದಕ್ಕೆ ಅದ್ದು, ಮುಳುಗಿಸು ಎಂಬ ಅರ್ಥವಿರುವುದು ನಿಜ. ಆದರೆ ಒಂದನೆಯ ಶತಮಾನದ ಕೊನೆಯ ಅಥವಾ ಎರಡನೆಯ ಶತಮಾನದ ಆರಂಭದ ‘ದಿದಾಖೆ’ ಎಂಬ ಕಿರುಗ್ರಂಥ ಈ ವಿಷಯದಲ್ಲಿ ಎಷ್ಟು ಉದಾರವಾಗಿದೆ ನೋಡಿ. ಹರಿಯುವ ನೀರಿದ್ದರೆ ಉತ್ತಮ, ಇಲ್ಲವಾದರೆ ಬೇರೆ ನೀರು, ತಣ್ಣೀರಾಗದಿದ್ದರೆ ಬಿಸಿನೀರು, ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಎನ್ನುತ್ತದೆ ಅದು. ಮುಳುಗಿದವನಿಗೆ ಚಳಿಯೇನು ಗಾಳಿಯೇನು ಎಂಬುದು ನಮ್ಮ ಗಾದೆ. ಆ ಹಿರಿಯರಿಗೆ ಮುಳುಗುವವನ ಚಳಿಯ ನೆನಪೂ ಇತ್ತು.

ಸಿರಿಯಾದ ದೂರಾ ಯೂರೋಪಸ್ ಎಂಬಲ್ಲಿ ಮೂರನೆಯ ಶತಮಾನದ ಒಂದು ದೇವಾಲಯ-ಮನೆ ಉತ್ಖನನದಲ್ಲಿ ದೊರೆತಿದೆ. ಅಲ್ಲಿನ ಸ್ನಾನದ ತೊಟ್ಟಿಯ ಆಳ ಒಂದು ಮೀಟರಿನ ಆಸುಪಾಸು. ಅದರಲ್ಲಿ ನಿಂತವರು ಬಾಗಿ ಮುಳುಗಿದರೋ, ತಲೆಗೆ ನೀರು ಸುರಿಸಿಕೊಂಡರೋ, ತೊಟ್ಟಿ ಬಾಯಿ ಬಿಡುವುದಿಲ್ಲ. ಅದರ ಮೇಲಿನ ಗೋಡೆಯಲ್ಲಿ ಮಾತ್ರ ಕುರಿಯನ್ನು ಹೆಗಲ ಮೇಲೆ ಹೊತ್ತ ಒಳ್ಳೆಯ ಕುರಿಗಾಹಿಯ ಚಿತ್ರವಿದೆ.

ಅದೇ ಶತಮಾನದಲ್ಲಿ, ರೋಗಿಗಳಿಗೆ ಹಾಸಿಗೆಯ ಮೇಲೆಯೇ ನೀರು ಸುರಿದು ಕೊಟ್ಟ ದೀಕ್ಷೆ ಪೂರ್ಣವೇ ಎಂಬ ಸಂಶಯ ಆಫ್ರಿಕಾದಲ್ಲಿ ಎದ್ದಿತು. ಹಾಗೆ ದೀಕ್ಷೆ ಪಡೆದವರನ್ನು ಜನ ‘ಕ್ಲಿನಿಕರು’, ಎಂದರೆ ಹಾಸಿಗೆಯವರು, ಎಂದು ಹಂಗಿಸುತ್ತಿದ್ದರು. ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರು ಅದಕ್ಕೆ ಕೊಟ್ಟ ಉತ್ತರದಲ್ಲಿ ಒಳ್ಳೆಯ ಚುಚ್ಚು ಇದೆ: ಈ ಹೆಸರನ್ನು ನೀವು ಯಾವ ವೈದ್ಯಗ್ರಂಥದಿಂದ ಹೆಕ್ಕಿದಿರೋ ಕಾಣೆ, ಶುಭಸಂದೇಶದಲ್ಲಿ ನನಗೆ ಗೊತ್ತಿರುವ ಹಾಸಿಗೆಯವನು ಪಾರ್ಶ್ವವಾಯು ರೋಗಿಯೊಬ್ಬನೇ, ಅವನಿಗೆ ಹಾಸಿಗೆಯೇನೂ ಅಡ್ಡಿಯಾಗಲಿಲ್ಲ ಎಂಬುದು ಅದರ ತಾತ್ಪರ್ಯ. ಇಷ್ಟಾದರೂ ವಿಷಯ ಮುಗಿಯಲಿಲ್ಲ. 1644ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಭೆಯಲ್ಲಿ ಪಂಡಿತರು, ಮುಳುಗಿಸುವ ಪದ್ಧತಿಗೂ ವಿಧಿಯಲ್ಲಿ ಎಡೆಯಿರಬೇಕೇ ಎಂದು ಮತ ಹಾಕಿದರು. ಬೇಕೆಂದವರು 24, ಬೇಡವೆಂದವರು 25! ಒಂದೇ ಮತದಿಂದ ಒಂದು ಕೊಳ ಬತ್ತಿಹೋಯಿತು.

ಎರಡನೆಯ ಪ್ರಶ್ನೆ ಮುಹೂರ್ತದ್ದು. ಸುಮಾರು 253ರಲ್ಲಿ ಫೀದುಸ್ ಎಂಬ ಧರ್ಮಾಧ್ಯಕ್ಷರು ಸಿಪ್ರಿಯಾನರಿಗೆ ಬರೆದರು: ಸುನ್ನತಿಯಂತೆ ದೀಕ್ಷೆಯನ್ನೂ ಎಂಟನೆಯ ದಿನಕ್ಕೆ ಮುಂದೂಡಬಾರದೇ? ಹಸಿ ಕೂಸು ಶುದ್ಧವಲ್ಲ, ಅದಕ್ಕೆ ಶಾಂತಿಯ ಮುತ್ತಿಡಲು ಮನಸ್ಸು ಹೇಸುತ್ತದೆ. ಪುರುಡಿನ ಮೈಲಿಗೆ ನಮ್ಮ ನಾಡಿನದೊಂದೇ ಎಂದು ತಿಳಿದವರು ಇದನ್ನು ಗಮನಿಸಬೇಕು! 66 ಧರ್ಮಾಧ್ಯಕ್ಷರ ಸಭೆ ಸೇರಿ ಆ ಸಲಹೆಯನ್ನು ತಳ್ಳಿಹಾಕಿತು. ಆಗತಾನೇ ಹುಟ್ಟಿದ ಮಗುವಿಗೆ ಮುತ್ತಿಡುವವನು ಅದನ್ನು ಈಗಷ್ಟೇ ರೂಪಿಸಿದ ದೇವರ ಕೈಗಳನ್ನು ನೆನೆಯಲಿ ಎಂಬ ಅರ್ಥದ ಮಾತನ್ನು ಸಿಪ್ರಿಯಾನರು ಬರೆದರು. ಇಥಿಯೋಪಿಯದ ಪ್ರಾಚೀನ ಧರ್ಮಸಭೆಯವರು ಮಾತ್ರ ಇಂದಿಗೂ ಗಂಡುಮಗುವಿಗೆ 40ನೆಯ ದಿನ, ಹೆಣ್ಣುಮಗುವಿಗೆ 80ನೆಯ ದಿನ ದೀಕ್ಷೆ ಕೊಡುತ್ತಾರೆ.

ಅವಸರದವರು ಒಂದು ಕಡೆಯಾದರೆ ನಿಧಾನಸ್ಥರು ಇನ್ನೊಂದು ಕಡೆ. ಕಾನ್‌ಸ್ಟಂಟೈನ್ ಚಕ್ರವರ್ತಿ 325ರ ನಿಸೇಯ ಮಹಾಸಭೆಯನ್ನು ತಾನೇ ಕರೆಸಿ ಕುಳಿತರೂ ದೀಕ್ಷೆ ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ. ಮುಂದೆ ಮಾಡಲಿರುವ ಪಾಪಗಳೂ ಒಂದೇ ಸ್ನಾನದಲ್ಲಿ ತೊಳೆದುಹೋಗಲಿ ಎಂಬ ಲೆಕ್ಕಾಚಾರ ಆ ಕಾಲದ ಅನೇಕರಲ್ಲಿತ್ತು. ಬಾಲಕ ಅಗಸ್ಟೀನ್ ಕಾಯಿಲೆ ಬಿದ್ದಾಗ ದೀಕ್ಷೆಗೆ ಸಿದ್ಧತೆ ನಡೆಯಿತು. ಗುಣವಾದೊಡನೆ ಅದನ್ನು ಮುಂದಕ್ಕೆ ಹಾಕಿದರು. ಕಡೆಗೆ 387ರ ಪಾಸ್ಖ ಜಾಗರಣೆಯಂದು ಮಿಲಾನಿನಲ್ಲಿ ಸಂತ ಅಂಬ್ರೋಸರ ಕೈಯಿಂದ ಅವರಿಗೆ ದೀಕ್ಷೆಯಾಯಿತು. ಆಗ ಅವರ ವಯಸ್ಸು 32.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ತೊಡಕಿನದು. ಕೊಡುವ ಕೈ ಸರಿಯಿಲ್ಲದಿದ್ದರೆ? ಧರ್ಮಸಭೆಯಿಂದ ಬೇರ್ಪಟ್ಟವರು ಕೊಟ್ಟ ದೀಕ್ಷೆ ದೀಕ್ಷೆಯೇ ಅಲ್ಲ, ಮತ್ತೆ ಕೊಡಬೇಕು ಎಂದು ನಮ್ಮ ಸಿಪ್ರಿಯಾನರೇ ಹಟ ಹಿಡಿದರು. ಬೇಡ, ಮರಳಿ ಬಂದವರ ಮೇಲೆ ಹಸ್ತವಿಟ್ಟು ಸ್ವೀಕರಿಸಿದರೆ ಸಾಕು ಎಂದು ರೋಮಿನ ಪೋಪ್ ಸ್ತೇಫನರು ಹೇಳಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಗಬಾರದಷ್ಟೇ? ಕೊನೆಗೆ ಪಶ್ಚಿಮದ ಧರ್ಮಸಭೆ ಸ್ತೇಫನರ ದಾರಿಯನ್ನೇ ಹಿಡಿಯಿತು. ಕೊಡುವವನು ಯಾರೇ ಆಗಲಿ, ನಿಜವಾಗಿ ದೀಕ್ಷೆ ನೀಡುವಾತ ಕ್ರಿಸ್ತನೇ ಎಂದು ಸಂತ ಅಗಸ್ಟೀನರು ಅದಕ್ಕೆ ಆಧಾರ ಒದಗಿಸಿದರು. ವಿನೋದವೆಂದರೆ, ವಾದದಲ್ಲಿ ಸೋತ ಸಿಪ್ರಿಯಾನರ ಹೆಸರು ಬಲಿಪೂಜೆಯ ಪ್ರಾಚೀನ ರೋಮನ್ ಪ್ರಾರ್ಥನೆಯಲ್ಲಿ ಸೇರಿತು. ಗೆದ್ದ ಪೋಪರ ಹೆಸರು ಅಲ್ಲಿಲ್ಲ.

ಈ ತತ್ತ್ವಕ್ಕೆ 746ರಲ್ಲಿ ಸ್ವಾರಸ್ಯಕರ ಪರೀಕ್ಷೆಯೊಂದು ಎದುರಾಯಿತು. ಜರ್ಮನ್ ನಾಡಿನ ಬವೇರಿಯದಲ್ಲಿ ಲತೀನ್ ಬಾರದ ಗುರುವೊಬ್ಬರು ಮಂತ್ರವನ್ನು ತಪ್ಪುತಪ್ಪಾಗಿ ನುಡಿಯುತ್ತಿದ್ದರು. ಪದಶಃ ಅರ್ಥ ಮಾಡಿದರೆ ಅದು ‘ಪಿತನ, ಸುತನ’ ಎಂಬುದರ ಬದಲು ‘ಪಿತೃಭೂಮಿಯ, ಸುತೆಯ’ ಎಂದಂತಾಗುತ್ತಿತ್ತು! ಸಂತ ಬೊನಿಫಾಸರು ಮತ್ತೆ ದೀಕ್ಷೆ ಕೊಡಲು ಆಜ್ಞಾಪಿಸಿದರು. ಪೋಪ್ ಜಕರಿಯಾಸರು ತಡೆದರು. ಅದು ನಂಬಿಕೆಯ ದೋಷವಲ್ಲ, ಬರೀ ಭಾಷೆ ಬಾರದ ದೋಷ ಎಂಬುದು ಅವರ ತೀರ್ಪು. ವ್ಯಾಕರಣ ಕೆಟ್ಟರೂ ಕೃಪೆ ಕೆಡಲಿಲ್ಲ.

ಹಾಗೆಂದು ಎಲ್ಲಕ್ಕೂ ರಿಯಾಯಿತಿ ಇರಲಿಲ್ಲ. ನೀರಿನ ಅಭಾವದಿಂದ ನಾರ್ವೆಯಲ್ಲಿ ಕೆಲವು ಮಕ್ಕಳಿಗೆ ಬಿಯರಿನಲ್ಲಿ ದೀಕ್ಷೆ ಕೊಟ್ಟದ್ದು ತಿಳಿದಾಗ, 1241ರಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿಯವರು ಅದು ಸಲ್ಲದೆಂದು ಅಲ್ಲಿನ ಮಹಾಧರ್ಮಾಧ್ಯಕ್ಷರಿಗೆ ಬರೆದರು. ನೀರಿಲ್ಲದ ಊರಿನಲ್ಲಿ ಬಿಯರ್ ಮಾತ್ರ ಹೇಗಿತ್ತು ಎಂದು ಅವರು ಕೇಳಿದರೋ ಇಲ್ಲವೋ! 2020ರಲ್ಲಿ, ‘ನಾನು ದೀಕ್ಷೆ ನೀಡುತ್ತೇನೆ’ ಎಂಬುದನ್ನು ಬುದ್ಧಿಪೂರ್ವಕವಾಗಿ ‘ನಾವು’ ಎಂದು ಬದಲಿಸಿದರೆ ಅದು ಸಿಂಧುವಲ್ಲ ಎಂದು ವ್ಯಾಟಿಕನ್ ಸ್ಪಷ್ಟಪಡಿಸಿತು. ಗುರುವಿನ ‘ನಾನು’ ಎಂಬುದರಲ್ಲಿ ಮಾತನಾಡುವವನು ಕ್ರಿಸ್ತ. ಸಭೆ ಸೇರಿದವರ ಬಹುವಚನ ಅಲ್ಲಿ ಸಲ್ಲದು. ಅಮೆರಿಕದ ಯುವ ಗುರುವೊಬ್ಬರು ತಮ್ಮ ಶೈಶವದ ವೀಡಿಯೊ ನೋಡಿ ಬೆಚ್ಚಿದರು. ಅದರಲ್ಲಿ ಕೇಳಿಸಿದ್ದು ‘ನಾವು’! ಅವರು ದೀಕ್ಷೆಯಿಂದ ತೊಡಗಿ ಗುರುಪಟ್ಟದವರೆಗೆ ಎಲ್ಲವನ್ನೂ ಪಡೆಯಬೇಕಾಯಿತು.

ಇಲ್ಲಿಯವರೆಗೆ ನಗಬಹುದು. ಮುಂದಿನ ಪುಟದಲ್ಲಿ ನಗೆ ನಿಲ್ಲುತ್ತದೆ. 1525ರ ಜನವರಿ 21ರಂದು ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಕೆಲವರು, ಸ್ವಂತ ವಿಶ್ವಾಸವಿಲ್ಲದ ಶಿಶುವಿನ ದೀಕ್ಷೆ ದೀಕ್ಷೆಯಲ್ಲ ಎಂದು ನಂಬಿ ಪರಸ್ಪರ ದೀಕ್ಷೆ ಕೊಟ್ಟುಕೊಂಡರು. ಜನ ಅವರನ್ನು ‘ಅನಾಬ್ಯಾಪ್ಟಿಸ್ಟ’ರು, ಎಂದರೆ ಮರುಸ್ನಾನಿಗಳು, ಎಂದರು. ತಾವು ಪಡೆದದ್ದು ಎರಡನೆಯದಲ್ಲ, ಮೊದಲನೆಯದೇ ಎಂಬುದು ಅವರ ವಾದ. ಪ್ರೊಟೆಸ್ಟೆಂಟ್ ಆಗಿದ್ದ ನಗರಸಭೆ ಮರುಸ್ನಾನಕ್ಕೆ ಮುಳುಗಿಸಿ ಕೊಲ್ಲುವ ಶಿಕ್ಷೆಯನ್ನೇ ವಿಧಿಸಿತು. 1527ರ ಜನವರಿ 5ರಂದು ಫೆಲಿಕ್ಸ್ ಮಾನ್ಸ್ ಎಂಬವರನ್ನು ಕೈಕಾಲು ಕಟ್ಟಿ ಲಿಮ್ಮಾಟ್ ನದಿಗೆ ತಳ್ಳಲಾಯಿತು. ಕಥೋಲಿಕ ಆಡಳಿತಗಳ ಕೈಯೂ ಶುದ್ಧವಲ್ಲ. 1528ರಲ್ಲಿ ವಿಯೆನ್ನಾದಲ್ಲಿ, ಹಿಂದೆ ನಮ್ಮ ಗುರುವೇ ಆಗಿದ್ದ ಬಾಲ್ತಸಾರ್ ಹುಬ್‌ಮಾಯರ್ ಅವರನ್ನು ಸುಟ್ಟರು; ಮೂರು ದಿನಗಳ ಬಳಿಕ ಅವರ ಪತ್ನಿಯನ್ನು ಡ್ಯಾನ್ಯೂಬ್ ನದಿಯಲ್ಲಿ ಮುಳುಗಿಸಿದರು. ಜೀವ ಕೊಡಬೇಕಾದ ನೀರು ಜೀವ ತೆಗೆಯುವ ಹತ್ಯಾರವಾಯಿತು. ನೀರಿನ ಅಳತೆಯ ಜಗಳ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ.

ಕಾಲ ಕಳೆದಂತೆ ಕೋಪ ಇಳಿದು ವಿನೋದ ಮರಳಿತು. 1812ರಲ್ಲಿ ಅಡೋನಿರಾಮ್ ಜಡ್‌ಸನ್ ಎಂಬ ಅಮೆರಿಕನ್ ಮಿಶನರಿ ಪತ್ನಿಯೊಡನೆ ಭಾರತಕ್ಕೆ ಹಡಗೇರಿದರು. ಅವರದು ಶಿಶುದೀಕ್ಷೆಯನ್ನು ಒಪ್ಪುವ ಸಭೆ. ಬಂಗಾಳದಲ್ಲಿ ವಿಲಿಯಂ ಕೇರಿಯವರ ಬ್ಯಾಪ್ಟಿಸ್ಟ್ ಬಳಗ ಎದುರಾಗುತ್ತದೆ, ವಾದಕ್ಕೆ ಸಿದ್ಧವಾಗಿರೋಣ ಎಂದು ಅವರು ಹಡಗಿನಲ್ಲಿಯೇ ಗ್ರಂಥಗಳನ್ನು ಅಭ್ಯಾಸ ಮಾಡಿದರು. ಓದಿ ಓದಿ ತಾವೇ ಬ್ಯಾಪ್ಟಿಸ್ಟರಾದರು! ಆ ಸೆಪ್ಟೆಂಬರಿನಲ್ಲಿ ದಂಪತಿಗಳು ಕಲ್ಕತ್ತೆಯಲ್ಲಿ ಮುಳುಗಿ ಎದ್ದರು. ಬೇರೆ ಹಡಗಿನಲ್ಲಿ ಬಂದ ಸಂಗಡಿಗ ಲೂಥರ್ ರೈಸ್ ಕೂಡ ಅದೇ ಹಾದಿ ಹಿಡಿದರು. ಹಡಗಿನ ಖರ್ಚು ಕೊಟ್ಟ ಸಭೆಯವರಿಗೆ ಹೇಗಾಗಿರಬೇಕು, ನೀವೇ ಊಹಿಸಿ.

ಅದೇ ಭಾರತದಲ್ಲಿ 1970ರಲ್ಲಿ ಆರು ಸಭೆಗಳು ಒಂದಾಗಿ ಉತ್ತರ ಭಾರತ ಸಭೆ ರೂಪುಗೊಂಡಿತು. ಅವುಗಳಲ್ಲಿ ಶಿಶುದೀಕ್ಷೆಯವರೂ ಇದ್ದರು, ಬ್ಯಾಪ್ಟಿಸ್ಟರೂ ಇದ್ದರು. ಎರಡೂ ಪದ್ಧತಿಗಳಿಗೆ ಒಂದೇ ಸೂರಿನಡಿ ಎಡೆಯಾಯಿತು. ದೀಕ್ಷೆಯು ಕ್ರೈಸ್ತರ ಐಕ್ಯದ ಬಂಧನವೆಂದು ನಮ್ಮ ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸಾರಿತ್ತು. 2004ರಲ್ಲಿ ಜೂರಿಕ್‌ನ ಸಭೆಯವರು ಲಿಮ್ಮಾಟ್ ದಡದಲ್ಲಿ ಆ ಹುತಾತ್ಮರ ಸ್ಮಾರಕ ಫಲಕ ಇರಿಸಿದರು. 2007ರಲ್ಲಿ ಜರ್ಮನಿಯ ಮಗ್ದೆಬುರ್ಗ್‌ನಲ್ಲಿ ಕಥೋಲಿಕರೂ ಸೇರಿದಂತೆ 11 ಸಭೆಗಳು ಪರಸ್ಪರರ ದೀಕ್ಷೆಯನ್ನು ಒಪ್ಪಿ ಸಹಿ ಹಾಕಿದವು. 2010ರಲ್ಲಿ ಲೂಥರನ್ ಸಭೆಗಳ ವಿಶ್ವ ಒಕ್ಕೂಟ ಅನಾಬ್ಯಾಪ್ಟಿಸ್ಟ್ ಪರಂಪರೆಯ ಮೆನ್ನೊನೈಟರ ಮುಂದೆ ಕ್ಷಮೆ ಯಾಚಿಸಿತು.

ಪ್ರಿಯ ಓದುಗರೇ, ಇಷ್ಟೆಲ್ಲ ಹೇಳಿದ್ದು ಮದುವೆ ಪಂಕ್ತಿಯ ಆ ಮಾತಿಗೆ ಉತ್ತರ ಸಿಗಲೆಂದು. “ನಿನ್ನದು ದೀಕ್ಷೆಯಲ್ಲ, ಮತ್ತೆ ಮುಳುಗು” ಎಂಬ ಒತ್ತಾಯದಿಂದ ನೊಂದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇವೆ. ಅವರಿಗೆ ಹೇಳಬೇಕಾದದ್ದು ಇಷ್ಟೇ: ತ್ರಿತ್ವದ ನಾಮದಲ್ಲಿ ನೀರಿನಿಂದ ಪಡೆದ ದೀಕ್ಷೆ ಒಮ್ಮೆಗೇ ಸಲ್ಲುತ್ತದೆ. ಬವೇರಿಯದ ಗುರುವಿನ ಹರಕು ಲತೀನನ್ನೂ ದಾಟಿ ಬಂದ ಕೃಪೆಗೆ ನಮ್ಮ ಬೊಗಸೆ ನೀರು ಕಡಿಮೆಯೇನಲ್ಲ. ಹಾಗೆಯೇ, ಬೇರೆ ಸಭೆಯಿಂದ ಬಂದವರ ದೀಕ್ಷೆಯನ್ನು ನಾವೂ ಹಗುರವಾಗಿ ಕಾಣಬಾರದು. ಗಂಭೀರ ಸಂಶಯವಿಲ್ಲದೆ ಅದನ್ನು ಮತ್ತೆ ಕೊಡುವುದು ನಮ್ಮ ಧರ್ಮಸಭೆಯ ಕಾನೂನಿಗೂ ಸಮ್ಮತವಲ್ಲ.

ಆದರೆ ಕೆರೆಗಿಳಿದ ಆ ಬಂಧುವಿನ ಪ್ರಶ್ನೆಯಲ್ಲಿ ಒಂದು ತಿರುಳಿದೆ: ಮಗುವಿಗೆ ವಿಶ್ವಾಸವೆಲ್ಲಿ? ತಂದೆತಾಯಿಯ ಮತ್ತು ಧರ್ಮಸಭೆಯ ವಿಶ್ವಾಸದಲ್ಲಿ ಎಂದು ನಾವು ಉತ್ತರಿಸುತ್ತೇವೆ. ಆ ಉತ್ತರ ನಿಜವಾಗುವುದು ಮನೆಯಲ್ಲಿ. ಫೋಟೊ, ಕೇಕು, ಊಟ ಮುಗಿದು ಬಿಳಿಯ ಉಡುಪನ್ನು ಪೆಟ್ಟಿಗೆಗೆ ಸೇರಿಸಿದ ಮೇಲೆ, ಆ ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಮಲಗಿಸುವ ಕೈ ಇದೆಯೇ? ಜ್ಞಾನತಂದೆ, ಜ್ಞಾನತಾಯಿ ಮರುವರ್ಷ ಆ ಮಗುವಿನ ಹೆಸರನ್ನಾದರೂ ನೆನಪಿಟ್ಟಿದ್ದಾರೆಯೇ?

ಪೋಪ್ ಫ್ರಾನ್ಸಿಸರು (2013–2025) ವಿಶ್ವಾಸಿಗಳಿಗೆ ಪದೇ ಪದೇ ಒಂದು ಮನೆಪಾಠ ಕೊಡುತ್ತಿದ್ದರು: ನಿಮ್ಮ ದೀಕ್ಷೆಯ ದಿನಾಂಕವನ್ನು ಹುಡುಕಿಕೊಳ್ಳಿ. ಹುಟ್ಟುಹಬ್ಬದ ದಿನ ಎಲ್ಲರಿಗೂ ಗೊತ್ತು; ಇದು ಕೆಲವರಿಗಷ್ಟೇ. ಧರ್ಮಕೇಂದ್ರದ ಕಚೇರಿಯ ದಪ್ಪ ದಾಖಲೆ ಪುಸ್ತಕದಲ್ಲಿ ಅದು ನಿಮಗಾಗಿ ಕಾದಿದೆ. ಹುಡುಕಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಊಟದ ಪಂಕ್ತಿಯಲ್ಲಿ ಕುಳಿತಾಗ ಪಕ್ಕದವರ ದಿನಾಂಕವನ್ನೂ ಕೇಳಿ. ನೀರೆಷ್ಟಿತ್ತು ಎಂದು ಕೇಳುವುದು ಬೇಡ.