ಯೀಸ್ಟ್ ಸ್ಟಾರ್ಟರ್: ಬಿಯರ್‌ಗೂ ಹೆಪ್ಪು ಬೇಕೆ?

ಹಾಲಿಗೆ ಹಾಕಿದ ಹೆಪ್ಪು ಸಾಲದಿದ್ದರೆ ಮೊಸರು ಸರಿಯಾಗಿ ಗಟ್ಟಿಯಾಗುವುದಿಲ್ಲ. ಮನೆಯಲ್ಲಿ ಬಿಯರ್ ತಯಾರಿಸುವವರಿಗೂ ಇಂಥದ್ದೇ ಸಮಸ್ಯೆ ಇದೆ. ವ್ಯತ್ಯಾಸವೆಂದರೆ ಮೊಸರಿನಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ, ಬಿಯರ್‌ನಲ್ಲಿ ಯೀಸ್ಟ್ ಎಂಬ ಏಕಕೋಶ ಶಿಲೀಂಧ್ರ.

ಸ್ಟಾರ್ಟರ್ ಎಂದರೇನು?

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ತೆಗೆದ ಸಿಹಿ ದ್ರಾವಣಕ್ಕೆ ವರ್ಟ್ ಎನ್ನುತ್ತಾರೆ. ಸ್ವಲ್ಪ ವರ್ಟ್‌ನಲ್ಲಿ ಯೀಸ್ಟನ್ನು ಮೊದಲೇ ಬೆಳೆಸಿ, ಸಂಖ್ಯೆ ಹೆಚ್ಚಿಸಿಕೊಂಡು, ನಂತರ ದೊಡ್ಡ ಪಾತ್ರೆಗೆ ಸೇರಿಸುವುದೇ ಸ್ಟಾರ್ಟರ್ ವಿಧಾನ.

ಲೆಕ್ಕ ನೋಡೋಣ. ಸಾಮಾನ್ಯ ಗಾಢತೆಯ (12 ಡಿಗ್ರಿ ಪ್ಲೇಟೊ) 20 ಲೀಟರ್ ಏಲ್ ಬಿಯರ್‌ಗೆ ಸುಮಾರು 18,000 ಕೋಟಿ ಯೀಸ್ಟ್ ಕೋಶಗಳು ಬೇಕು. ತಣ್ಣಗೆ ಹುದುಗುವ ಲಾಗರ್‌ಗೆ ಅದರ ಎರಡರಷ್ಟು. ದ್ರವ ಯೀಸ್ಟಿನ ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ ಸುಮಾರು 10,000 ಕೋಟಿ ಕೋಶಗಳಿರುತ್ತವೆ. ದಿನ ಕಳೆದಂತೆ ಅವೂ ಸಾಯುತ್ತವೆ. ಒಣ ಯೀಸ್ಟಿನಲ್ಲಿ ಕೋಶಗಳು ಹೆಚ್ಚಿರುವುದರಿಂದ ಅದಕ್ಕೆ ಸಾಮಾನ್ಯವಾಗಿ ಸ್ಟಾರ್ಟರ್ ಬೇಕಿಲ್ಲ.

ತಯಾರಿ ಹೇಗೆ?

ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ ಬೆರೆಸಿ 10–15 ನಿಮಿಷ ಕುದಿಸಬೇಕು. ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ಕ್ರಿಮಿಶುದ್ಧಿ ಮಾಡಿದ ಗಾಜಿನ ಪಾತ್ರೆಗೆ ಹಾಕಿ ಯೀಸ್ಟ್ ಸೇರಿಸಬೇಕು. ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಬೇಕು. ಬಿಗಿದರೆ ಇಂಗಾಲದ ಡೈಆಕ್ಸೈಡ್ ಒತ್ತಡಕ್ಕೆ ಪಾತ್ರೆ ಒಡೆಯಬಹುದು. ಆಗಾಗ ಅಲುಗಾಡಿಸುತ್ತಿದ್ದರೆ ಯೀಸ್ಟಿಗೆ ಆಮ್ಲಜನಕ ಸಿಗುತ್ತದೆ. ಕೋಶಪೊರೆ ಕಟ್ಟಿಕೊಳ್ಳಲು ಅದು ಬೇಕು.

ಒಂದೆರಡು ದಿನಗಳಲ್ಲಿ ಯೀಸ್ಟ್ ಬೆಳೆದಿರುತ್ತದೆ. ಫ್ರಿಜ್‌ನಲ್ಲಿಟ್ಟರೆ ತಳದಲ್ಲಿ ಗಸಿಯಾಗಿ ಕೂರುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿ, ಗಸಿಯ ಉಷ್ಣತೆ ವರ್ಟ್‌ನ ಹತ್ತಿರಕ್ಕೆ ಬಂದ ಮೇಲೆ ಸೇರಿಸಬೇಕು. ಬೂಷ್ಟು ಕಂಡರೆ ಅಥವಾ ವಿನೆಗರ್ ವಾಸನೆ ಬಂದರೆ ಚೆಲ್ಲಿಬಿಡುವುದೇ ಸರಿ.

ಕೆಲವು ತಪ್ಪು ನಂಬಿಕೆಗಳು

"ಯೀಸ್ಟ್ ಹೆಚ್ಚಾದರೆ ಅಮಲೂ ಹೆಚ್ಚು." ಇಲ್ಲ. ಆಲ್ಕೋಹಾಲ್ ಪ್ರಮಾಣವನ್ನು ಮುಖ್ಯವಾಗಿ ನಿರ್ಧರಿಸುವುದು ವರ್ಟ್‌ನಲ್ಲಿ ಹುದುಗಬಲ್ಲ ಸಕ್ಕರೆ.

"ಮಾಲ್ಟ್ ಬದಲು ಅಡುಗೆಮನೆಯ ಸಕ್ಕರೆ ಸಾಕು." ಸಾಲದು. ಬೆಳೆಯಲು ಬೇಕಾದ ಸಾರಜನಕ, ವಿಟಮಿನ್, ಖನಿಜಗಳು ಬಿಳಿ ಸಕ್ಕರೆಯಲ್ಲಿಲ್ಲ.

"ಆಲ್ಕೋಹಾಲ್ ಇರುವಾಗ ಶುಚಿತ್ವ ಯಾಕೆ?" ಐದು ಶೇಕಡಾ ಆಲ್ಕೋಹಾಲ್‌ಗೆ ಕಾಡುಯೀಸ್ಟ್, ಲ್ಯಾಕ್ಟೋಬ್ಯಾಸಿಲಸ್ ಬಗ್ಗುವುದಿಲ್ಲ. ಸ್ಟಾರ್ಟರ್ ಕೆಟ್ಟರೆ ಇಡೀ 20 ಲೀಟರ್ ಕೆಡುತ್ತದೆ.

"ಸೋಮಾರಿ ಯೀಸ್ಟಾದರೂ ನಿಧಾನಕ್ಕೆ ಕೆಲಸ ಮುಗಿಸುತ್ತದೆ." ಅರ್ಧದಲ್ಲೇ ನಿಲ್ಲಲೂಬಹುದು. ಹುದುಗುವಿಕೆ ಮುಗಿಯಿತೆಂದು ತಿಳಿದು ಬಾಟಲಿಗೆ ತುಂಬಿದರೆ, ಒಳಗೆ ಮತ್ತೆ ಶುರುವಾಗಿ ಗಾಜು ಸಿಡಿಯುತ್ತದೆ. ಗುಳ್ಳೆ ನಿಂತದ್ದನ್ನು ನಂಬದೆ, ಹೈಡ್ರೋಮೀಟರ್ ಅಳತೆ ಕೆಲವು ದಿನ ಬದಲಾಗದಿರುವುದನ್ನು ನೋಡಬೇಕು.

ಕಾನೂನು ಏನು ಹೇಳುತ್ತದೆ?

ಅಮೆರಿಕದಲ್ಲಿ ಮನೆ ಬಳಕೆಯ ಬಿಯರ್ ತಯಾರಿಕೆಗೆ ಕೇಂದ್ರ ಕಾನೂನು 1978ರಲ್ಲಿ ದಾರಿ ಮಾಡಿಕೊಟ್ಟಿತು; ಅಲಬಾಮ, ಮಿಸಿಸಿಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ಇಲ್ಲಿರುವ ನಮಗೆ ಇದು ತಿಳಿದುಕೊಳ್ಳುವ ವಿಜ್ಞಾನವಷ್ಟೇ. ಹೊರದೇಶದಲ್ಲಿರುವವರು ಅಲ್ಲಿನ ನಿಯಮ ನೋಡಿಕೊಂಡು ಮುಂದುವರಿಯಲಿ.